ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಪ್ರೋಟಾನ್ ಚಿಕಿತ್ಸೆ: ಹೋಗುವ ಮೊದಲು, ಹೋದಾಗ, ಬಂದ ಮೇಲೆ

"ತಂದೆಯವರಿಗೆ ಬಯಾಪ್ಸಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಬಂದಿದೆ. ಪ್ರೋಟಾನ್ ಕೊಡಿಸಿದರೆ ಅಡ್ಡಪರಿಣಾಮವೇ ಇರುವುದಿಲ್ಲವಂತೆ. ಚೆನ್ನೈಗೆ ಕರೆದುಕೊಂಡು ಹೋಗಬೇಕೇ, ಇಲ್ಲಿನ ರೇಡಿಯೇಷನ್ನೇ ಸಾಕೇ?" ಎಂಬ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಕೇಳುವವರಲ್ಲಿ ಹೆಚ್ಚಿನವರು ರೋಗಿಯ ಮಕ್ಕಳು. ಹಣಕ್ಕಾಗಿ ಸೈಟನ್ನೋ ಜಮೀನನ್ನೋ ಮಾರುವ ಯೋಚನೆಯಲ್ಲಿರುವುದಾಗಿಯೂ ಕೆಲವರು ಬರೆದಿರುತ್ತಾರೆ. ಅವರೆಲ್ಲರಿಗೂ ಒಂದೇ ಕಡೆ ವಿವರವಾಗಿ ಉತ್ತರಿಸುವ ಉದ್ದೇಶದಿಂದ ಈ ಲೇಖನವನ್ನು ಬರೆದಿದ್ದೇನೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ. ವೈದ್ಯರ ಎದುರು ಕುಳಿತಾಗ ಏನನ್ನು ಕೇಳಬೇಕು ಮತ್ತು ಚಿಕಿತ್ಸೆಯ ದಿನಗಳಲ್ಲಿ ಯಾವುದಕ್ಕೆ ಗಮನ ಕೊಡಬೇಕು ಎಂಬುದನ್ನು ಇದು ತಿಳಿಸುತ್ತದೆ.

ಮೊದಲು ಪ್ರೋಟಾನ್ ಎಂದರೇನು ಎಂಬುದನ್ನು ನೋಡೋಣ. ನಮ್ಮ ಕಡೆ ಜನ "ಕರೆಂಟ್ ಕೊಡುವುದು" ಎನ್ನುವ ಸಾಮಾನ್ಯ ವಿಕಿರಣ ಚಿಕಿತ್ಸೆಯಲ್ಲಿ ಎಕ್ಸ್‌ರೇ ಕಿರಣಗಳನ್ನು ಬಳಸುತ್ತಾರೆ. ಅವು ದೇಹದ ಒಂದು ಬದಿಯಿಂದ ಒಳಹೊಕ್ಕು ಗಡ್ಡೆಯನ್ನು ದಾಟಿ ಇನ್ನೊಂದು ಬದಿಯಿಂದ ಹೊರಗೆ ಹೋಗುತ್ತವೆ. ಪ್ರೋಟಾನ್ ಎಂಬುದು ಹೈಡ್ರೋಜನ್ ಪರಮಾಣುವಿನ ಬೀಜ. ವೇಗವರ್ಧಕ ಯಂತ್ರದಲ್ಲಿ ಅದಕ್ಕೆ ಇಂತಿಷ್ಟು ಎಂದು ವೇಗ ಕೊಟ್ಟು ಬಿಟ್ಟರೆ, ದೇಹದೊಳಗೆ ಲೆಕ್ಕ ಹಾಕಿದ ಆಳದಲ್ಲಿ ತನ್ನ ಶಕ್ತಿಯ ಬಹುಪಾಲನ್ನು ಸುರಿದು ಅಲ್ಲಿಯೇ ನಿಂತುಬಿಡುತ್ತದೆ. ಈ ಗುಣವನ್ನು ಚಿಕಿತ್ಸೆಗೆ ಬಳಸಬಹುದೆಂದು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲ್ಸನ್ 1946ರಲ್ಲಿ ಸೂಚಿಸಿದರು. ಆಸ್ಪತ್ರೆಯೊಳಗೇ ಸ್ಥಾಪಿಸಿದ ಮೊದಲ ಪ್ರೋಟಾನ್ ಕೇಂದ್ರ 1990ರಲ್ಲಿ ಕ್ಯಾಲಿಫೋರ್ನಿಯಾದ ಲೋಮ ಲಿಂಡಾದಲ್ಲಿ ಆರಂಭವಾಯಿತು. ಭಾರತದಲ್ಲಿ ಚೆನ್ನೈನ ಅಪೋಲೊ ಪ್ರೋಟಾನ್ ಕೇಂದ್ರ 2019ರಲ್ಲಿ ತೆರೆಯಿತು. ಟಾಟಾ ಸ್ಮಾರಕ ಕೇಂದ್ರಕ್ಕೆ ಸೇರಿದ, ನವಿ ಮುಂಬಯಿಯ ಖಾರ್ಘರ್‌ನಲ್ಲಿರುವ ಘಟಕ 2023ರಲ್ಲಿ ರೋಗಿಗಳಿಗೆ ಚಿಕಿತ್ಸೆ ಕೊಡಲು ಆರಂಭಿಸಿತು.

ಹಂತ 1: ರೋಗದ ತೀವ್ರತೆಯನ್ನು ಸರಿಯಾಗಿ ಅಳೆಸಿಕೊಳ್ಳಿ

ಯಾವ ಯಂತ್ರ ಎಂಬ ಪ್ರಶ್ನೆಗಿಂತ ಮೊದಲು ಈಗಲೇ ಚಿಕಿತ್ಸೆ ಬೇಕೇ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ನಿಮ್ಮ ಫೈಲಿನಲ್ಲಿ ಮೂರು ಸಂಗತಿಗಳು ಸ್ಪಷ್ಟವಾಗಿರಬೇಕು. ಒಂದು, ಪಿಎಸ್‌ಎ, ಅಂದರೆ ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಉತ್ಪಾದಿಸುವ ಒಂದು ಪ್ರೋಟೀನ್ ರಕ್ತದಲ್ಲಿ ಎಷ್ಟಿದೆ ಎಂಬ ಲೆಕ್ಕ. ಎರಡು, ಗ್ಲೀಸನ್ ಅಂಕ. ಬಯಾಪ್ಸಿಯಲ್ಲಿ ತೆಗೆದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕ್ಯಾನ್ಸರ್ ಕೋಶಗಳು ಎಷ್ಟು ಉಗ್ರವಾಗಿ ಕಾಣುತ್ತವೆ ಎಂಬುದರ ಅಳತೆ ಇದು. ಮೂರು, ರೋಗ ಗ್ರಂಥಿಯೊಳಗೇ ಇದೆಯೋ ಹೊರಗೆ ಹರಡಿದೆಯೋ ಎಂಬುದು. ಇದಕ್ಕೆ ಎಂಆರ್‌ಐ ಮಾಡಿಸುತ್ತಾರೆ, ಅಪಾಯ ಹೆಚ್ಚಿರುವವರಿಗೆ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಕೂಡ ಮಾಡಿಸುತ್ತಾರೆ.

ಪಿಎಸ್‌ಎ 10ಕ್ಕಿಂತ ಕಡಿಮೆ, ಗ್ಲೀಸನ್ 6, ಗಡ್ಡೆ ಚಿಕ್ಕದು ಎಂದಾದರೆ ಅದು ಕಡಿಮೆ ಅಪಾಯದ ಗುಂಪು. ಪಿಎಸ್‌ಎ 10ರಿಂದ 20 ಅಥವಾ ಗ್ಲೀಸನ್ 7 ಇದ್ದರೆ ಮಧ್ಯಮ. ಪಿಎಸ್‌ಎ 20ಕ್ಕಿಂತ ಹೆಚ್ಚು ಅಥವಾ ಗ್ಲೀಸನ್ 8ರಿಂದ 10 ಇದ್ದರೆ ಹೆಚ್ಚು ಅಪಾಯ. ಕಡಿಮೆ ಅಪಾಯದ ಗುಂಪಿನವರಲ್ಲಿ ಅನೇಕರಿಗೆ ತಕ್ಷಣ ಯಾವ ಚಿಕಿತ್ಸೆಯೂ ಬೇಕಾಗುವುದಿಲ್ಲ. ಕ್ರಮಬದ್ಧವಾಗಿ ಪಿಎಸ್‌ಎ, ಎಂಆರ್‌ಐ, ಅಗತ್ಯವಿದ್ದಾಗ ಮರು ಬಯಾಪ್ಸಿ ಮಾಡಿಸುತ್ತ ರೋಗದ ಮೇಲೆ ಕಣ್ಣಿಟ್ಟಿರುವ "ಸಕ್ರಿಯ ನಿಗಾ" ಎಂಬ ಮಾನ್ಯ ವಿಧಾನವಿದೆ. ಬ್ರಿಟನ್ನಿನಲ್ಲಿ 1,643 ಪುರುಷರನ್ನು ನಿಗಾ, ಶಸ್ತ್ರಚಿಕಿತ್ಸೆ, ವಿಕಿರಣ ಎಂಬ ಮೂರು ಗುಂಪುಗಳಲ್ಲಿ ಹಂಚಿ ನಡೆಸಿದ ಪ್ರೊಟೆಕ್ಟ್ ಅಧ್ಯಯನದ 15 ವರ್ಷಗಳ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಯಾವ ಗುಂಪಿನಲ್ಲಿದ್ದರೂ ಶೇಕಡಾ 97ರಷ್ಟು ಜನ ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ಸತ್ತಿರಲಿಲ್ಲ. ಅಂದರೆ ಹೆಚ್ಚಿನವರಿಗೆ ಯೋಚಿಸಲು ವಾರಗಳಷ್ಟು ಸಮಯ ನಿಜವಾಗಿಯೂ ಇರುತ್ತದೆ. "ನಾಳೆಯೇ ಅಡ್ವಾನ್ಸ್ ಕಟ್ಟಿ" ಎಂಬ ಒತ್ತಡಕ್ಕೆ ಮಣಿಯಬೇಡಿ.

ಹಂತ 2: ಪ್ರೋಟಾನ್ ನಿಮಗೆ ನಿಜವಾಗಿ ಏನು ಕೊಡುತ್ತದೆ ಎಂದು ತಿಳಿದುಕೊಳ್ಳಿ

ತಪ್ಪು ತಿಳಿವಳಿಕೆ ಅತ್ಯಂತ ಹೆಚ್ಚಾಗಿರುವುದು ಈ ವಿಷಯದಲ್ಲೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪ್ರೋಟಾನ್ ಕಿರಣವನ್ನು ಪ್ರಾಸ್ಟೇಟ್‌ಗೆ ಸಾಮಾನ್ಯವಾಗಿ ಎಡ ಮತ್ತು ಬಲ ಸೊಂಟದ ಬದಿಗಳಿಂದ ಬಿಡುತ್ತಾರೆ. ಹೊಟ್ಟೆಯ ಮುಂಭಾಗಕ್ಕೂ ಪೃಷ್ಠದ ಕಡೆಗೂ ಕಡಿಮೆ ಪ್ರಮಾಣದ ವಿಕಿರಣ ಚದುರುವುದು ಇದರಿಂದ ಗಣನೀಯವಾಗಿ ತಗ್ಗುತ್ತದೆ. ಇದು ನಿಜವಾದ ಲಾಭ. ಆದರೆ ಮಲ ಸಂಗ್ರಹವಾಗುವ ಗುದನಾಳದ ಮುಂಗೋಡೆ ಪ್ರಾಸ್ಟೇಟ್‌ಗೆ ಅಂಟಿಕೊಂಡಂತೆ ಇದೆ, ಮೂತ್ರನಾಳವಂತೂ ಪ್ರಾಸ್ಟೇಟ್‌ನ ಮಧ್ಯದಿಂದಲೇ ಹಾದುಹೋಗುತ್ತದೆ. ಗ್ರಂಥಿಗೆ ಪೂರ್ಣ ಪ್ರಮಾಣ ಕೊಡಬೇಕಾದರೆ ಈ ಎರಡೂ ಜಾಗಗಳಿಗೆ ಸ್ವಲ್ಪವಾದರೂ ಹೆಚ್ಚಿನ ಪ್ರಮಾಣ ತಗುಲಿಯೇ ತಗಲುತ್ತದೆ. ಕಿರಣ ಯಾವುದೇ ಆಗಿರಲಿ. ಮುಂದೆ ಕಾಡಬಹುದಾದ ರಕ್ತಸ್ರಾವ ಮತ್ತು ಮೂತ್ರದ ಉರಿ ಹುಟ್ಟುವುದು ಬಹುಮಟ್ಟಿಗೆ ಈ ಹೆಚ್ಚಿನ ಪ್ರಮಾಣ ಬಿದ್ದ ಜಾಗದಲ್ಲೇ.

ಹೀಗಾಗಿ ಫಲಿತಾಂಶವೂ ನಿರೀಕ್ಷೆಗಿಂತ ಬೇರೆಯಾಗಿಯೇ ಬಂದಿದೆ. ಅಮೆರಿಕದಲ್ಲಿ ಕಡಿಮೆ ಮತ್ತು ಮಧ್ಯಮ ಅಪಾಯದ 450 ರೋಗಿಗಳನ್ನು ಪ್ರೋಟಾನ್ ಮತ್ತು ಐಎಂಆರ್‌ಟಿ ಗುಂಪುಗಳಲ್ಲಿ ಯಾದೃಚ್ಛಿಕವಾಗಿ ಹಂಚಿ ಪಾರ್ಟಿಕ್ವಾಲ್ ಎಂಬ ಅಧ್ಯಯನ ನಡೆಸಿದರು. ಐಎಂಆರ್‌ಟಿ ಎಂದರೆ ಎಕ್ಸ್‌ರೇ ಕಿರಣದ ತೀವ್ರತೆಯನ್ನು ಗಡ್ಡೆಯ ಆಕಾರಕ್ಕೆ ತಕ್ಕಂತೆ ಹೊಂದಿಸಿ ಕೊಡುವ ಆಧುನಿಕ ವಿಧಾನ. 2024ರಲ್ಲಿ ಮಂಡಿಸಲಾದ ಫಲಿತಾಂಶದ ಪ್ರಕಾರ ಎರಡು ವರ್ಷಗಳ ನಂತರ ಕರುಳಿನ ತೊಂದರೆಯಲ್ಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ, ಮೂತ್ರ ಮತ್ತು ಲೈಂಗಿಕ ತೊಂದರೆಗಳಲ್ಲಿಯೂ ಇರಲಿಲ್ಲ. ಐದು ವರ್ಷಗಳಲ್ಲಿ ರೋಗ ಮುಂದುವರಿಯದೆ ಉಳಿದವರ ಪ್ರಮಾಣ ಎರಡರಲ್ಲೂ ಶೇಕಡಾ 93ರ ಆಸುಪಾಸಿನಲ್ಲಿತ್ತು. ಎರಡೂ ಒಳ್ಳೆಯ ಚಿಕಿತ್ಸೆಗಳೇ ಎಂಬುದು ಇದರ ಅರ್ಥ.

ಆದ್ದರಿಂದ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ವಿಮೆಯೋ ಉಳಿತಾಯವೋ ವೆಚ್ಚವನ್ನು ಆರಾಮವಾಗಿ ಭರಿಸುವಂತಿದ್ದರೆ ಪ್ರೋಟಾನ್ ಆರಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಸಾಮಾನ್ಯ ಪ್ರಾಸ್ಟೇಟ್ ಕ್ಯಾನ್ಸರ್‌ಗಾಗಿ ಆಸ್ತಿ ಮಾರಿ ಅಥವಾ ಸಾಲ ಮಾಡಿ ಪ್ರೋಟಾನ್ ಕೊಡಿಸುವ ಅಗತ್ಯವಿಲ್ಲ, ಇಲ್ಲೇ ಐಎಂಆರ್‌ಟಿ ಕೊಡಿಸಿದರೆ ತಂದೆಗೆ ಅನ್ಯಾಯ ಮಾಡಿದೆವೆಂಬ ಕೊರಗೂ ಬೇಕಿಲ್ಲ. ಈ ಹಿಂದೆ ಸೊಂಟದ ಭಾಗಕ್ಕೆ ವಿಕಿರಣ ಪಡೆದು ಈಗ ಮತ್ತೆ ಬೇಕಾಗಿರುವಂಥ ವಿಶೇಷ ಸಂದರ್ಭಗಳಲ್ಲಿ ಮಾತ್ರ ಪ್ರೋಟಾನ್ ಬಗ್ಗೆ ಒತ್ತುಕೊಟ್ಟು ವಿಚಾರಿಸಿ.

ಬೇರೆ ಆಯ್ಕೆಗಳನ್ನೂ ಕೇಳಿ ತಿಳಿದುಕೊಳ್ಳಿ. ಹಿಂದೆ ಎಂಟು ವಾರ ಹಿಡಿಯುತ್ತಿದ್ದ ಎಕ್ಸ್‌ರೇ ಚಿಕಿತ್ಸೆಯನ್ನು ಈಗ 20 ಸಿಟಿಂಗ್‌ಗಳಲ್ಲಿ, ಅಂದರೆ 20 ಸಲ ಕಿರಣ ಕೊಟ್ಟು, ಮುಗಿಸುವುದು ರೂಢಿಯಾಗಿದೆ. ಆಯ್ದ ರೋಗಿಗಳಿಗೆ ಐದೇ ಸಿಟಿಂಗ್‌ಗಳ ಎಸ್‌ಬಿಆರ್‌ಟಿ ಎಂಬ ವಿಧಾನವೂ ಇದೆ. ಗ್ರಂಥಿಯೊಳಗೇ ವಿಕಿರಣ ಮೂಲವನ್ನು ಇರಿಸುವ ಬ್ರ್ಯಾಕಿಥೆರಪಿ ಮತ್ತು ಶಸ್ತ್ರಚಿಕಿತ್ಸೆಯೂ ಪಟ್ಟಿಯಲ್ಲಿರಲಿ. ಪ್ರೋಟಾನ್ ಯಂತ್ರವಿರುವ ಆಸ್ಪತ್ರೆಯ ಅಭಿಪ್ರಾಯದ ಜೊತೆಗೆ ಆ ಯಂತ್ರವಿಲ್ಲದ ಆಸ್ಪತ್ರೆಯ ವಿಕಿರಣ ಚಿಕಿತ್ಸಾ ತಜ್ಞರೊಬ್ಬರ ಅಭಿಪ್ರಾಯವನ್ನೂ ಪಡೆಯಿರಿ.

ರೋಗಿಗಳ ಅನುಭವಕಥನಗಳನ್ನು ಓದುವಾಗಲೂ ಒಂದು ಎಚ್ಚರ ಬೇಕು. ಲೋಮ ಲಿಂಡಾದಲ್ಲಿ ಚಿಕಿತ್ಸೆ ಪಡೆದವರು "ಬ್ರದರ್‌ಹುಡ್ ಆಫ್ ದ ಬಲೂನ್" ಎಂಬ ಬಳಗವನ್ನೇ ಕಟ್ಟಿಕೊಂಡಿದ್ದಾರೆ. ಪ್ರತಿದಿನ ಗುದನಾಳದಲ್ಲಿ ಇರಿಸುತ್ತಿದ್ದ ನೀರು ತುಂಬಿದ ಬಲೂನಿನಿಂದ ಆ ಹೆಸರು ಬಂದಿದೆ. ಅವರ ಸಂತೋಷ ಪ್ರಾಮಾಣಿಕವಾದದ್ದು, ಹೊಸ ರೋಗಿಗೆ ಧೈರ್ಯ ಕೊಡುವಂಥದ್ದು. ಆದರೆ ಚಿಕಿತ್ಸೆ ಚೆನ್ನಾಗಿ ಆದವರೇ ಇಂಥ ಬಳಗಗಳಲ್ಲಿ ಹೆಚ್ಚಾಗಿ ಮಾತನಾಡುತ್ತಾರೆ. ಅದೇ ವ್ಯಕ್ತಿಗೆ ಐಎಂಆರ್‌ಟಿ ಕೊಟ್ಟಿದ್ದರೆ ಹೇಗಿರುತ್ತಿತ್ತು ಎಂಬುದಕ್ಕೆ ಅವರ ಅನುಭವದಲ್ಲಿ ಉತ್ತರವಿರುವುದಿಲ್ಲ.

ಹಂತ 3: ಹಣ, ವಿಮೆ, ವಸತಿ

ಪ್ರೋಟಾನ್ ವೆಚ್ಚ ಐಎಂಆರ್‌ಟಿಯ ಹಲವು ಪಟ್ಟು. ವಿಮಾ ಕಂಪನಿಯಿಂದ "ರೇಡಿಯೇಷನ್ ಕವರ್ ಆಗುತ್ತದೆ" ಎಂಬ ಬಾಯಿಮಾತಿನ ಉತ್ತರವನ್ನು ನಂಬಿ ಹೊರಡಬೇಡಿ. ಪ್ರೋಟಾನ್ ಎಂಬ ಹೆಸರನ್ನೇ ನಮೂದಿಸಿ ಪೂರ್ವಾನುಮತಿಯನ್ನು ಲಿಖಿತವಾಗಿ ಪಡೆಯಿರಿ, ಉಪಮಿತಿ, ಅಂದರೆ ಈ ಚಿಕಿತ್ಸೆಗೆ ಇಷ್ಟೇ ಕೊಡುತ್ತೇವೆಂಬ ಪ್ರತ್ಯೇಕ ಮಿತಿ, ಇದೆಯೇ ಎಂದು ಕೇಳಿ. ಸಿಟಿಂಗ್‌ಗಳ ಹೊರತಾಗಿ ಸ್ಕ್ಯಾನ್, ಹಂತ 4ರಲ್ಲಿ ವಿವರಿಸಿರುವ ಜೆಲ್ ಹಾಗೂ ಮಾರ್ಕರ್, ಮತ್ತು ಚಿಕಿತ್ಸಾ ಯೋಜನೆಯ ಶುಲ್ಕಗಳು ಪ್ಯಾಕೇಜಿನಲ್ಲಿ ಸೇರಿವೆಯೇ ಎಂಬುದನ್ನೂ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್ ಯೋಜನೆಯ ಮಿತಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ಎಂಬುದು ನೆನಪಿರಲಿ.

ಸಿಟಿಂಗ್‌ಗಳು ಸೋಮವಾರದಿಂದ ಶುಕ್ರವಾರದವರೆಗೆ, ನಾಲ್ಕರಿಂದ ಎಂಟು ವಾರ ನಡೆಯುತ್ತವೆ. ಪೂರ್ವ ತಯಾರಿಗೆ ಎರಡು ಮೂರು ವಾರ ಬೇರೆ. ಆಸ್ಪತ್ರೆಗೆ ಹತ್ತಿರ, ಅಡುಗೆಮನೆಯಿರುವ ಬಾಡಿಗೆ ಕೋಣೆಯನ್ನು ಹಿಡಿಯುವುದು ಉತ್ತಮ, ಏಕೆಂದರೆ ಮುಂದೆ ಹೇಳುವಂತೆ ಊಟದ ಮೇಲೆ ಹಿಡಿತ ಬೇಕಾಗುತ್ತದೆ.

ಹಂತ 4: ಚಿಕಿತ್ಸೆಗೆ ಮೊದಲಿನ ಸಣ್ಣ ಪ್ರಕ್ರಿಯೆಗಳು

ಪ್ರಾಸ್ಟೇಟ್ ಪ್ರತಿದಿನ ಕೆಲವು ಮಿಲಿಮೀಟರ್ ಅತ್ತಿತ್ತ ಸರಿಯುತ್ತದೆ. ಅದನ್ನು ಗುರುತಿಸಲು ಗ್ರಂಥಿಯೊಳಗೆ ಅಕ್ಕಿಕಾಳಿಗಿಂತಲೂ ಚಿಕ್ಕದಾದ ಚಿನ್ನದ ಗುರುತುಗಳನ್ನು ಸೂಜಿಯ ಮೂಲಕ ಇರಿಸುತ್ತಾರೆ. ಇವನ್ನು ಫಿಡೂಶಿಯಲ್ ಮಾರ್ಕರ್ ಎನ್ನುತ್ತಾರೆ. ಅನೇಕ ಕೇಂದ್ರಗಳು ಇದೇ ವೇಳೆ ಪ್ರಾಸ್ಟೇಟ್ ಮತ್ತು ಗುದನಾಳದ ನಡುವೆ ಸುಮಾರು ಒಂದು ಸೆಂಟಿಮೀಟರ್ ಅಂತರ ಮಾಡುವ ಜೆಲ್ ಅನ್ನೂ ತುಂಬುತ್ತವೆ. ಸ್ಪೇಸರ್ ಎಂದು ಕರೆಯುವ ಈ ಜೆಲ್ ಕೆಲವು ತಿಂಗಳಲ್ಲಿ ತಾನಾಗಿ ಕರಗಿಹೋಗುತ್ತದೆ. ಗುದನಾಳಕ್ಕೆ ಇದರಿಂದಾಗುವ ರಕ್ಷಣೆ ಗಣನೀಯವಾದದ್ದು, ಮತ್ತು ಐಎಂಆರ್‌ಟಿ ಪಡೆಯುವವರೂ ಇದನ್ನು ಹಾಕಿಸಿಕೊಳ್ಳಬಹುದು.

ಎಚ್ಚರಿಕೆಗಳು ಹೀಗಿವೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮುಂತಾದ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ, ಆದರೆ ಹೃದ್ರೋಗ ವೈದ್ಯರನ್ನು ಕೇಳದೆ ನೀವಾಗಿಯೇ ನಿಲ್ಲಿಸಬೇಡಿ. ಮಾರ್ಕರ್ ಹಾಕಿದ ನಂತರ ಚಳಿಜ್ವರ ಬಂದರೆ ಅಥವಾ ಮೂತ್ರ ಕಟ್ಟಿದರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ. ಸೊಂಟದ ಕೀಲು ಬದಲಿಸಿ ಲೋಹ ಹಾಕಿಸಿಕೊಂಡಿದ್ದರೆ ಮೊದಲ ಭೇಟಿಯಲ್ಲೇ ಹೇಳಿ, ಏಕೆಂದರೆ ಪ್ರೋಟಾನ್ ಕಿರಣ ಹಾದುಬರುವ ದಾರಿಯೇ ಅದು. ಕರುಳಿನ ಉರಿಯೂತದ ಕಾಯಿಲೆ ಅಥವಾ ಈ ಹಿಂದೆ ಮೂತ್ರದಾರಿಯಿಂದ ಮಾಡಿಸಿಕೊಂಡ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆ ಇದ್ದರೆ ಅದನ್ನೂ ಮುಚ್ಚಿಡಬೇಡಿ.

ಮಧ್ಯಮ ಅಪಾಯದವರಲ್ಲಿ ಕೆಲವರಿಗೆ ಸುಮಾರು ಆರು ತಿಂಗಳು, ಹೆಚ್ಚು ಅಪಾಯದವರಿಗೆ ಒಂದೂವರೆಯಿಂದ ಮೂರು ವರ್ಷ ಹಾರ್ಮೋನ್ ಇಂಜೆಕ್ಷನ್ ಕೊಡುತ್ತಾರೆ. ಇದು ಪುರುಷ ಹಾರ್ಮೋನನ್ನು ತಗ್ಗಿಸುತ್ತದೆ. ಮೈ ಬಿಸಿಯೇರಿ ಬೆವರುವುದು, ಕಾಮಾಸಕ್ತಿ ಕುಂದುವುದು, ಸುಸ್ತು, ಮೂಳೆ ಸವೆತ, ಸಕ್ಕರೆ ಏರುವುದು ಇದರ ಪರಿಣಾಮಗಳು. ಇವನ್ನು ಪ್ರೋಟಾನ್‌ನ ಅಡ್ಡಪರಿಣಾಮವೆಂದು ತಪ್ಪಾಗಿ ತಿಳಿಯುವವರು ಬಹಳ.

ಹಂತ 5: ಸಿಮ್ಯುಲೇಷನ್ ದಿನ

ಚಿಕಿತ್ಸೆಯ ಸಮಯದಲ್ಲಿ ಹೇಗೆ ಮಲಗುತ್ತೀರೋ ಹಾಗೆಯೇ ಮಲಗಿಸಿ ಸಿಟಿ ಸ್ಕ್ಯಾನ್ ಮಾಡುವುದನ್ನು ಸಿಮ್ಯುಲೇಷನ್ ಎನ್ನುತ್ತಾರೆ. ಕಾಲು ಅಲುಗದಂತೆ ನಿಮ್ಮ ಅಳತೆಯ ಅಚ್ಚೊಂದನ್ನು ತಯಾರಿಸುತ್ತಾರೆ, ಚರ್ಮದ ಮೇಲೆ ಗುರುತು ಹಾಕುತ್ತಾರೆ. ಸ್ನಾನ ಮಾಡುವಾಗ ಆ ಗುರುತನ್ನು ಉಜ್ಜಿ ಅಳಿಸಬಾರದು. ಅಂದು ನಿಮ್ಮ ಮೂತ್ರಕೋಶ ಎಷ್ಟು ತುಂಬಿತ್ತು, ಗುದನಾಳ ಎಷ್ಟು ಖಾಲಿಯಿತ್ತು ಎಂಬುದರ ಮೇಲೆಯೇ ಇಡೀ ಯೋಜನೆ ತಯಾರಾಗುತ್ತದೆ. ಆದ್ದರಿಂದ ಅಂದು ಶೌರ್ಯ ತೋರಿಸಲು ಹೋಗಿ, ತಡೆಯಲಾರದಷ್ಟು ನೀರು ಕುಡಿದು ಮಲಗಬೇಡಿ. ಪ್ರತಿದಿನ ನಿಭಾಯಿಸಬಲ್ಲಷ್ಟು ಮಾತ್ರ ತುಂಬಿರಲಿ.

ಹಂತ 6: ಪ್ರತಿದಿನದ ಸಿಟಿಂಗ್

ಚಿಕಿತ್ಸೆ ಮುಗಿಸಿ ಬಂದವರನ್ನು ಕೇಳಿದರೆ ಅವರು ಮೊದಲು ಹೇಳುವುದು ನೀರಿನ ವಿಷಯವನ್ನು, ಯಂತ್ರದ ಮಾತು ಆಮೇಲೆ. ತುಂಬಿದ ಮೂತ್ರಕೋಶ ಸಣ್ಣ ಕರುಳನ್ನು ಮೇಲಕ್ಕೆ ತಳ್ಳಿ ಕಿರಣದಿಂದ ದೂರವಿಡುತ್ತದೆ. ಖಾಲಿಯಾದ ಗುದನಾಳ ಪ್ರಾಸ್ಟೇಟ್ ಅನ್ನು ಅದರ ಜಾಗದಲ್ಲಿ ಇರಗೊಡುತ್ತದೆ. ಮೂತ್ರ ವಿಸರ್ಜನೆ ಮಾಡಿ, ಸುಮಾರು ಅರ್ಧ ಲೀಟರ್ ನೀರು ಕುಡಿದು, ಅರ್ಧದಿಂದ ಮುಕ್ಕಾಲು ಗಂಟೆ ಕಾಯುವುದು ಸಾಮಾನ್ಯ ಕ್ರಮ. ನಿಮ್ಮ ಕೇಂದ್ರ ಹೇಳಿದ ಅಳತೆಯನ್ನೇ ಅನುಸರಿಸಿ.

ತೊಂದರೆ ಬರುವುದು ಕಾಯುವಾಗ. ಅನೇಕ ಪ್ರೋಟಾನ್ ಕೇಂದ್ರಗಳಲ್ಲಿ ಒಂದೇ ವೇಗವರ್ಧಕದಿಂದ ಹಲವು ಕೋಣೆಗಳಿಗೆ ಸರದಿಯಂತೆ ಕಿರಣ ಹೋಗುತ್ತದೆ. ಪಕ್ಕದ ಕೋಣೆಯಲ್ಲಿ ಮಗುವೊಂದಕ್ಕೆ ಅರಿವಳಿಕೆ ಕೊಟ್ಟು ಚಿಕಿತ್ಸೆ ನಡೆಯುತ್ತಿದ್ದರೆ ನಿಮ್ಮ ಸರದಿ ಇಪ್ಪತ್ತು ನಿಮಿಷ ತಡವಾಗಬಹುದು. ಅಷ್ಟು ಹೊತ್ತಿಗೆ ಅರವತ್ತೈದು ದಾಟಿದ ಹಿರಿಯರು ಕುರ್ಚಿಯ ತುದಿಯಲ್ಲಿ ಕಾಲು ಜೋಡಿಸಿ ಕುಳಿತು, ಎದ್ದು ನಿಂತು, ಗೋಡೆ ಹಿಡಿದು ಮತ್ತೆ ಕುಳಿತುಕೊಳ್ಳುತ್ತಾರೆ. ಅವರಿಗೆ ಕೇಳಲು ಸಂಕೋಚ. ಆದ್ದರಿಂದ ನೀರು ಕುಡಿಯುವ ಮೊದಲು "ಇವತ್ತು ಸರಿಯಾದ ಸಮಯಕ್ಕೆ ನಡೆಯುತ್ತಿದೆಯೇ?" ಎಂದು ತಂತ್ರಜ್ಞರನ್ನು ಕೇಳುವುದನ್ನು ಜೊತೆಯಲ್ಲಿರುವವರು ರೂಢಿ ಮಾಡಿಕೊಳ್ಳಬೇಕು. ತಡೆಯಲಾಗದಿದ್ದರೆ ಹೇಳಿಬಿಡಿ. ಸ್ವಲ್ಪ ಬಿಟ್ಟು ಮತ್ತೆ ಕುಡಿಯಲು ಅವಕಾಶ ಕೊಡುತ್ತಾರೆ.

ಇನ್ನೂ ಕೆಲವು ಸೂಕ್ಷ್ಮಗಳಿವೆ. ಚೆನ್ನೈನ ಸೆಕೆಯಲ್ಲಿ ಬೆಳಗಿನಿಂದ ನೀರೇ ಕುಡಿಯದೆ ಬಂದರೆ ಆಮೇಲೆ ಕುಡಿದ ಅರ್ಧ ಲೀಟರನ್ನು ದೇಹವೇ ಹೀರಿಕೊಂಡು ಮೂತ್ರಕೋಶ ತುಂಬುವುದಿಲ್ಲ. ಹಿಂದಿನ ದಿನದಿಂದಲೇ ಸರಿಯಾಗಿ ನೀರು ಕುಡಿಯುತ್ತಿರಿ. ಕಾಫಿ, ಚಹಾ ಮೂತ್ರಕೋಶವನ್ನು ಕೆರಳಿಸುತ್ತವೆ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಅದನ್ನು ಯಾವ ಹೊತ್ತಿಗೆ ನುಂಗಬೇಕೆಂದು ವೈದ್ಯರನ್ನು ಕೇಳಿ. ಗುದನಾಳದಲ್ಲಿ ವಾಯು ತುಂಬಿದರೆ ಅಂದಿನ ಸಿಟಿಂಗ್ ಅರ್ಧಕ್ಕೆ ನಿಲ್ಲಬಹುದು. ಆದ್ದರಿಂದ ಅವರೆಕಾಳು, ಹುರುಳಿ, ಕಡಲೆ, ಎಲೆಕೋಸು, ಹೂಕೋಸು, ಸೋಡಾ ಇವನ್ನು ಆ ವಾರಗಳಲ್ಲಿ ಬಿಟ್ಟುಬಿಡಿ. ಮಲಬದ್ಧತೆಗೆ ವೈದ್ಯರು ಬರೆದ ಔಷಧವನ್ನೇ ತೆಗೆದುಕೊಳ್ಳಿ.

ಕೋಣೆಯೊಳಗೆ ನಡೆಯುವುದು ಕಡಿಮೆ. ಮಲಗಿಸಿ, ಎಕ್ಸ್‌ರೇ ತೆಗೆದು, ಚಿನ್ನದ ಗುರುತುಗಳನ್ನು ಯೋಜನೆಯ ಚಿತ್ರಕ್ಕೆ ಹೊಂದಿಸುವುದರಲ್ಲೇ ಹೆಚ್ಚಿನ ಸಮಯ ಹೋಗುತ್ತದೆ. ಕಿರಣ ಬಿಡುವುದು ಕೆಲವೇ ನಿಮಿಷ. ಗ್ಯಾಂಟ್ರಿ ಎಂಬ ದೊಡ್ಡ ಚೌಕಟ್ಟು ಸುತ್ತುವ ಸದ್ದು ಕೇಳುತ್ತದೆ, ನೋವಿಲ್ಲ, ಬಿಸಿಯಿಲ್ಲ. ಒಬ್ಬರೇ ಇರುತ್ತೀರಿ, ಆದರೆ ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ, ಮಾತನಾಡಿದರೆ ಕೇಳಿಸುತ್ತದೆ. ಭಾಷೆಯ ಅಡಚಣೆ ಇರುವವರು "ಅರ್ಜೆಂಟ್", "ನಿಲ್ಲಿಸಿ" ಎಂಬುದಕ್ಕೆ ಕೈಸನ್ನೆಯನ್ನು ಮೊದಲ ದಿನವೇ ಮಾತಾಡಿಕೊಳ್ಳಿ. ಹೊರಗೆ ಬಂದ ಮೇಲೆ ನಿಮ್ಮಿಂದ ಬೇರೆಯವರಿಗೆ ವಿಕಿರಣದ ಅಪಾಯವಿಲ್ಲ. ಮೊಮ್ಮಕ್ಕಳನ್ನು ಧಾರಾಳವಾಗಿ ಎತ್ತಿಕೊಳ್ಳಬಹುದು.

ಹಂತ 7: ಚಿಕಿತ್ಸೆ ನಡೆಯುವಾಗಿನ ತೊಂದರೆಗಳು

ಎರಡು ಮೂರನೆಯ ವಾರದಿಂದ ಮೂತ್ರಕ್ಕೆ ಪದೇ ಪದೇ ಹೋಗಬೇಕೆನಿಸುವುದು, ರಾತ್ರಿ ನಾಲ್ಕಾರು ಸಲ ಏಳುವುದು, ಉರಿ, ಧಾರೆ ಸಣ್ಣಗಾಗುವುದು ಆರಂಭವಾಗಬಹುದು. ಟ್ಯಾಮ್ಸುಲೋಸಿನ್‌ನಂಥ ಮಾತ್ರೆಗಳಿಂದ ಇದು ಹಿಡಿತಕ್ಕೆ ಬರುತ್ತದೆ. ಈ ಮಾತ್ರೆಯಿಂದ ಎದ್ದುನಿಂತಾಗ ತಲೆ ಸುತ್ತಬಹುದಾದ್ದರಿಂದ ರಾತ್ರಿ ಏಳುವವರು ದೀಪ ಹಾಕಿಕೊಂಡೇ ನಡೆಯಬೇಕು. ಉರಿಗೆ ಹೆದರಿ ನೀರು ಕುಡಿಯುವುದನ್ನು ಕಡಿಮೆ ಮಾಡುವುದು ಎಲ್ಲರೂ ಮಾಡುವ ತಪ್ಪು. ಅದರಿಂದ ಉರಿ ಹೆಚ್ಚುತ್ತದೆ.

ಸೊಂಟದ ಎರಡೂ ಬದಿಗಳಲ್ಲಿ, ಕಿರಣ ಒಳಹೋಗುವ ಜಾಗದಲ್ಲಿ ಚರ್ಮ ಕೆಂಪಾಗಬಹುದು ಅಥವಾ ಕಪ್ಪಾಗಬಹುದು. ಹೇಳಿದ ಮುಲಾಮನ್ನು ಮಾತ್ರ ಸಿಟಿಂಗ್ ಮುಗಿದ ನಂತರ ಹಚ್ಚಿ. ಬಿಗಿಯಾದ ಬೆಲ್ಟ್ ಬೇಡ. ಭೇದಿ ಕಾಣಿಸಿಕೊಂಡರೆ ನಾರಿನಂಶ ಕಡಿಮೆಯಿರುವ ಅನ್ನ, ಮಜ್ಜಿಗೆ, ಗಂಜಿ ಸಾಕು. ಸುಸ್ತಿಗೆ ಇಡೀ ದಿನ ಮಲಗಿರುವುದಕ್ಕಿಂತ ಸಂಜೆ ಸ್ವಲ್ಪ ನಡೆಯುವುದು ಒಳ್ಳೆಯದು. ಕ್ಯಾನ್ಸರ್ ವಾಸಿಮಾಡುತ್ತದೆಂದು ಯಾರೋ ಕೊಟ್ಟ ಪುಡಿ, ಕಷಾಯ, ವಿಟಮಿನ್ ಮಾತ್ರೆಗಳನ್ನು ವೈದ್ಯರಿಗೆ ತೋರಿಸದೆ ಸೇವಿಸಬೇಡಿ. ಮೂತ್ರ ಸಂಪೂರ್ಣ ಕಟ್ಟಿದರೆ ಅದು ತುರ್ತುಸ್ಥಿತಿ.

ಯಂತ್ರ ದುರಸ್ತಿಯಿಂದ ಒಂದೆರಡು ದಿನ ತಪ್ಪಿದರೆ ಸಾಮಾನ್ಯವಾಗಿ ಕೊನೆಯಲ್ಲಿ ಸೇರಿಸುತ್ತಾರೆ. ನೀವಾಗಿ ಹಬ್ಬಕ್ಕೋ ಮದುವೆಗೋ ಊರಿಗೆ ಬಂದು ದಿನಗಟ್ಟಲೆ ತಪ್ಪಿಸುವುದು ಮಾತ್ರ ಸರಿಯಲ್ಲ.

ಹಂತ 8: ಊರಿಗೆ ಮರಳಿದ ನಂತರ

ಪಿಎಸ್‌ಎ ಒಂದೇ ಸಲಕ್ಕೆ ಸೊನ್ನೆಗೆ ಇಳಿಯುವುದಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಗ್ರಂಥಿಯನ್ನೇ ತೆಗೆಯುತ್ತಾರೆ, ಇಲ್ಲಿ ಅದು ಒಳಗೇ ಇರುತ್ತದೆ. ಕನಿಷ್ಠ ಮಟ್ಟ ತಲುಪಲು ಒಂದೂವರೆ ಎರಡು ವರ್ಷ ಅಥವಾ ಇನ್ನೂ ಹೆಚ್ಚು ಬೇಕಾಗಬಹುದು. ಈ ನಡುವೆ ಪಿಎಸ್‌ಎ ತಾತ್ಕಾಲಿಕವಾಗಿ ಸ್ವಲ್ಪ ಏರಿ ತಾನಾಗಿ ಇಳಿಯುವುದುಂಟು. ಇದಕ್ಕೆ ಬೌನ್ಸ್ ಎನ್ನುತ್ತಾರೆ. ಕನಿಷ್ಠ ಮಟ್ಟಕ್ಕಿಂತ 2 ಅಥವಾ ಅದಕ್ಕೂ ಹೆಚ್ಚು ಏರಿದಾಗ ರೋಗ ಮರಳಿರಬಹುದೆಂದು ತಜ್ಞರು ಪರಿಗಣಿಸುತ್ತಾರೆ. ಪ್ರತಿ ಸಲವೂ ಅದೇ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಫಲಿತಾಂಶಗಳನ್ನು ಒಂದೇ ಹಾಳೆಯಲ್ಲಿ ದಿನಾಂಕದೊಂದಿಗೆ ಬರೆದಿಡಿ.

ಲೈಂಗಿಕ ಶಕ್ತಿ ಕುಂದುವುದು ಪ್ರೋಟಾನ್‌ನಲ್ಲಿಯೂ ಇದೆ, ತಿಂಗಳುಗಳ ನಂತರ ನಿಧಾನವಾಗಿ ಕಾಣಿಸಿಕೊಳ್ಳುತ್ತದೆ. ನಮ್ಮಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ವೈದ್ಯರೂ ಅನೇಕ ವೇಳೆ ಎತ್ತುವುದಿಲ್ಲ. ನಾಚಿಕೆ ಪಡದೆ ಕೇಳಿ, ಚಿಕಿತ್ಸೆ ಇದೆ. ಆದರೆ ಎದೆನೋವಿಗೆ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಮಾತ್ರೆ ಬಳಸುವವರು ಅಂಗಡಿಯಿಂದ ಸಿಲ್ಡೆನಾಫಿಲ್ ತಂದು ನುಂಗಬಾರದು. ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗುತ್ತದೆ.

ಆರು ತಿಂಗಳಿಂದ ಮೂರು ವರ್ಷದೊಳಗೆ ಮಲದಲ್ಲಿ ಸ್ವಲ್ಪ ರಕ್ತ ಕಾಣಿಸಿಕೊಳ್ಳಬಹುದು. ಇದನ್ನು ಮೂಲವ್ಯಾಧಿ ಎಂದುಕೊಂಡು ಊರಿನಲ್ಲಿ ಕ್ಷಾರ, ಇಂಜೆಕ್ಷನ್, ಶಸ್ತ್ರಕ್ರಿಯೆಗಳಿಗೆ ಒಡ್ಡಿಕೊಳ್ಳಬೇಡಿ. ಕೊಲೊನೋಸ್ಕೋಪಿ (ಕೊಳವೆಯ ಮೂಲಕ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆ) ಮಾಡುವ ವೈದ್ಯರಿಗೆ "ಪ್ರಾಸ್ಟೇಟ್‌ಗೆ ವಿಕಿರಣ ಆಗಿದೆ" ಎಂದು ಪರೀಕ್ಷೆಗೆ ಮೊದಲೇ ತಿಳಿಸಿ. ವಿಕಿರಣ ತಗುಲಿದ ಗುದನಾಳದ ಮುಂಗೋಡೆಯಿಂದ ತುಣುಕು ತೆಗೆದರೆ ಆ ಗಾಯ ಮಾಯದೆ ಹುಣ್ಣಾಗಿ, ಮೂತ್ರಕೋಶದವರೆಗೆ ರಂಧ್ರವಾಗುವ ಅಪಾಯವಿದೆ. ನಿಮಗೆ ಚಿಕಿತ್ಸೆ ಕೊಟ್ಟ ತಜ್ಞರೊಂದಿಗೆ ಮಾತನಾಡದೆ ಅಲ್ಲಿ ಬಯಾಪ್ಸಿ ಮಾಡಿಸಬಾರದು.

ಆಸ್ಪತ್ರೆಯಿಂದ ಹೊರಡುವ ದಿನ ಚಿಕಿತ್ಸೆಯ ಸಾರಾಂಶ ಪತ್ರವನ್ನು ಪಡೆಯದೆ ಬರಬೇಡಿ. ಒಟ್ಟು ಪ್ರಮಾಣ, ಸಿಟಿಂಗ್‌ಗಳ ಸಂಖ್ಯೆ, ದಿನಾಂಕಗಳು, ಸ್ಪೇಸರ್ ಮತ್ತು ಮಾರ್ಕರ್‌ಗಳ ವಿವರ ಅದರಲ್ಲಿರಬೇಕು. ಅದರ ಒಂದು ಪ್ರತಿ ರೋಗಿಯ ಫೈಲಿನಲ್ಲಿ, ಇನ್ನೊಂದರ ಫೋಟೋ ಮನೆಯ ಇಬ್ಬರ ಮೊಬೈಲಿನಲ್ಲಿ ಇರಲಿ.